ಕಾಗುಣಿತವೂ ಮಗ್ಗಿಯೂ: ಬಳ್ಳಾರಿಯ ೧೮೨೩ರ ವರದಿಯಲ್ಲಿ ಕಾಣುವ ಬಾಲಪಾಠಕ್ರಮದ ವಿಮರ್ಶೆ

೧

ಕಾವ್ಯ, ಶಾಸ್ತ್ರ, ಶಾಸನಗಳ ವಿಮರ್ಶೆಗಾಗಿ ವಿದ್ವಾಂಸರು ಪಟ್ಟಿರುವ ಶ್ರಮದ ಶತಾಂಶವೂ ಮಗುವಿನ ಮೊದಲ ಪಾಠದ ವಿಮರ್ಶೆಗೆ ಸಂದಿಲ್ಲ. ಮಹಾಕಾವ್ಯವನ್ನು ವ್ಯಾಖ್ಯಾನಿಸುವ ಪಂಡಿತನೂ ಒಂದು ಕಾಲದಲ್ಲಿ ಮರಳಿನ ಮೇಲೆಯೋ ಹಲಗೆಯ ಮೇಲೆಯೋ ಅಕ್ಷರವನ್ನು ತಿದ್ದಿದವನೇ. ಆ ಮೊದಲ ಪಾಠದ ಕ್ರಮ ಹಿಂದೆ ಹೇಗಿದ್ದಿತು, ಅದರಲ್ಲಿ ಗುಣವಾವುದು, ದೋಷವಾವುದು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರವು ಅಭಿಮಾನದಿಂದ ಹುಟ್ಟಿದ್ದು, ಇಲ್ಲವೆ ತಿರಸ್ಕಾರದಿಂದ ಹುಟ್ಟಿದ್ದು. ಆಧಾರವನ್ನು ಹಿಡಿದು ಉತ್ತರ ಹೇಳಲು ಅನುಕೂಲವಾದ ಲೇಖಗಳಲ್ಲಿ ಮುಖ್ಯವಾದುದೊಂದು, ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ಲನು ೧೮೨೩ನೆಯ ಆಗಸ್ಟ್ ೧೭ರಂದು ಮದರಾಸಿನ ರೆವಿನ್ಯೂ ಬೋರ್ಡಿಗೆ ಬರೆದ ವರದಿ.

ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ತನ್ನ ಪ್ರಾಂತದ ದೇಶೀಯ ಪಾಠಶಾಲೆಗಳ ಸ್ಥಿತಿಯನ್ನು ತಿಳಿಯಬೇಕೆಂದು ೧೮೨೨ರಲ್ಲಿ ಆಜ್ಞೆ ಮಾಡಿದನು. ಅದಕ್ಕೆ ಬಂದ ಉತ್ತರಗಳಲ್ಲಿ ಬಹುಪಾಲು ಬರಿಯ ಪಟ್ಟಿಗಳು. ಕ್ಯಾಂಪ್‌ಬೆಲ್ಲನಾದರೋ ತೆಲುಗಿನ ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದ್ದವನು. ಆದಕಾರಣ ಶಾಲೆಗಳ ಸಂಖ್ಯೆಯನ್ನು ಮಾತ್ರವಲ್ಲದೆ ಪಾಠದ ರೀತಿಯನ್ನೂ ಗಮನಿಸಿ ಬರೆದನು. ಆತನ ಲೆಕ್ಕದಂತೆ ಜಿಲ್ಲೆಯ ಜನಸಂಖ್ಯೆ ೯,೨೭,೮೫೭, ಶಾಲೆಗಳು ೫೩೩, ಓದುವ ಮಕ್ಕಳು ೬,೬೪೧. ಕನ್ನಡ ಶಾಲೆಗಳು ೨೩೫, ತೆಲುಗು ಶಾಲೆಗಳು ೨೨೬. ಉಳಿದವು ಮರಾಠಿ, ಪಾರಸಿ ಮುಂತಾದವು.

ಧರ್ಮಪಾಲರು ಈ ಉತ್ತರಗಳನ್ನು ೧೯೮೩ರಲ್ಲಿ ‘ದಿ ಬ್ಯೂಟಿಫುಲ್ ಟ್ರೀ’ ಎಂಬ ಗ್ರಂಥದಲ್ಲಿ ಒಟ್ಟುಗೂಡಿಸಿ ಪ್ರಕಟಿಸಿದ ಮೇಲೆ, ಅಂದು ವಿದ್ಯೆ ಎಷ್ಟು ಜನಕ್ಕೆ ದೊರೆಯುತ್ತಿದ್ದಿತು ಎಂಬ ವಿಷಯದಲ್ಲಿ ದೊಡ್ಡ ವಾದವೇ ನಡೆದಿದೆ. ಸಂಖ್ಯೆಗಳ ಈ ವಾದದಲ್ಲಿ ಪಾಠಕ್ರಮವನ್ನು ವರ್ಣಿಸುವ ಭಾಗಕ್ಕೆ ತಕ್ಕ ಗಮನ ದೊರೆತಿಲ್ಲ. ಎಳೆಯ ಮಕ್ಕಳಿಗೆ ಓದು, ಬರೆಹ, ಲೆಕ್ಕಗಳನ್ನು ಕಲಿಸುವವರಿಗೆ ಆ ಭಾಗವೇ ಹೆಚ್ಚು ಪ್ರಯೋಜನಕರವಾದುದು.

೨

ಕ್ಯಾಂಪ್‌ಬೆಲ್ಲನು ಹೇಳುವ ಕ್ರಮದ ಸಾರ ಇಷ್ಟು. ಶಾಲೆಗೆ ಬಂದ ಮಗು ಮೊದಲು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ಬರೆಯುತ್ತ ಅದನ್ನು ಕಲಿಯುವುದು. ಯುರೋಪಿನವರಲ್ಲಿ ಇದ್ದಂತೆ ಅಕ್ಷರಮಾಲೆಯನ್ನು ಬಾಯಿಯಲ್ಲಿ ಹೇಳುತ್ತ ಕಲಿಯುವುದಲ್ಲ. ಬೆರಳು ಪಳಗಿದ ಮೇಲೆ ಓಲೆ, ಕಾಗದ, ಹಲಗೆ ಅಥವಾ ಕಡತ. ಇವುಗಳಲ್ಲಿ ಹಲಗೆ, ಕಡತಗಳೇ ಆ ಸೀಮೆಯಲ್ಲಿ ಹೆಚ್ಚು ಬಳಕೆಯವು. ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರಸುವಂತಹವು. ಅಕ್ಷರಗಳಾದ ಬಳಿಕ ವ್ಯಂಜನಕ್ಕೆ ಸ್ವರಚಿಹ್ನೆ ಸೇರಿಸುವ ಕಾಗುಣಿತ, ಬಳಿಕ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರು, ಕಡೆಗೆ ಅಂಕಿಗಳು. ಆಮೇಲೆ ಕೂಡುವ ಲೆಕ್ಕದ ಕೋಷ್ಟಕ, ಒಂದರಿಂದ ನೂರರವರೆಗಿನ ಎಣಿಕೆ, ಹಣದ ಸಂಕಲನ ವ್ಯವಕಲನ, ಗುಣಾಕಾರ, ಅಳತೆಗಳ ಪರಿವರ್ತನೆ. ಮತ್ತು ಬಹಳ ಶ್ರದ್ಧೆಯಿಂದ ಕಲಿಸುವ ಭಿನ್ನಾಂಕಗಳು. ಈ ಭಿನ್ನಾಂಕಗಳು ಹತ್ತರಿಂದಲ್ಲದೆ ನಾಲ್ಕರಿಂದ ಇಳಿಯುತ್ತವೆಂದು ಆತನು ಎತ್ತಿ ಹೇಳುತ್ತಾನೆ.

ಹಿಂದಿನ ಐಗಳ ಮಠವೆಂದರೆ ಬಾಯಿಪಾಠ, ಬೆತ್ತಗಳೆರಡೇ ಎಂಬ ತಿಳಿವಳಿಕೆ ಈ ವಿವರಣೆಯೆದುರು ನಿಲ್ಲುವುದಿಲ್ಲ. ಇಲ್ಲಿ ಕೈ ಮೊದಲು, ಬಾಯಿ ಅನಂತರ. ಮರಳಿನ ಬರೆಹವು ತಪ್ಪನ್ನು ಕ್ಷಣದಲ್ಲಿ ಅಳಿಸಬಲ್ಲದು, ಖರ್ಚಿಲ್ಲದ್ದು, ಅಕ್ಷರದ ತಿರುವನ್ನು ಬೆರಳಿಗೇ ಅಭ್ಯಾಸ ಮಾಡಿಸುವಂತಹುದು. ಮದರಾಸಿನಲ್ಲಿ ಅನಾಥ ಬಾಲಕರ ಶಾಲೆಯನ್ನು ನಡೆಸುತ್ತಿದ್ದ ಆಂಡ್ರೂ ಬೆಲ್ ಈ ದೇಶದ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಗೂ ಅದನ್ನೇ ತಂದನು. ೧೭೯೭ರಲ್ಲಿ ಲಂಡನ್ನಿನಲ್ಲಿ ಗ್ರಂಥವನ್ನು ಪ್ರಕಟಿಸಿ ಪ್ರಚಾರ ಮಾಡಿದನು. ಮುಂದುವರಿದ ಹುಡುಗರು ಹಿಂದುಳಿದವರಿಗೆ ಕಲಿಸುವ ದೇಶೀಯ ಪದ್ಧತಿಯನ್ನು ಇಂಗ್ಲೆಂಡು ಅನುಕರಿಸಿದ್ದು ಯುಕ್ತವೇ ಆಯಿತೆಂದು ಕ್ಯಾಂಪ್‌ಬೆಲ್ಲನೂ ಒಪ್ಪಿದ್ದಾನೆ.

೩

ಈ ಕ್ರಮದ ಮಧ್ಯಮಣಿ ಕಾಗುಣಿತ. ಹೆಸರಿನಲ್ಲಿಯೇ ಅದರ ತತ್ತ್ವವಿದೆ: ‘ಗುಣಿತ’ವೆಂದರೆ ಗುಣಿಸಲ್ಪಟ್ಟದ್ದು. ಇಂದಿನ ಕನ್ನಡ ವರ್ಣಮಾಲೆಯ ೩೪ ವ್ಯಂಜನಗಳನ್ನು ೧೩ ಸ್ವರಗಳಿಂದ ಗುಣಿಸಿದರೆ ೪೪೨ ಗುಣಿತಾಕ್ಷರಗಳಾಗುತ್ತವೆ. ಇಷ್ಟನ್ನೂ ಒಂದೊಂದಾಗಿ ಕಲಿಯಬೇಕಾಗಿದ್ದರೆ ಎಳೆಯ ಬುದ್ಧಿಗೆ ಅದು ಅಸಾಧ್ಯದ ಭಾರ. ತಲೆಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ, ಐತ್ವ, ಓತ್ವ, ಔತ್ವಗಳೆಂಬ ಕೆಲವೇ ಚಿಹ್ನೆಗಳನ್ನರಿತವನಿಗೆ ಭಾರವೆಲ್ಲ ಇಳಿಯುತ್ತದೆ. ಈ ಚಿಹ್ನೆಗಳಲ್ಲಿಯೂ ಕೆಲವು ಒಂದರಿಂದೊಂದು ಹುಟ್ಟಿದವು: ‘ಕೊ’ ಎಂಬಲ್ಲಿ ಏತ್ವವೂ ಕೊಂಬಿನ ದೀರ್ಘವೂ ಕೂಡಿರುವುದನ್ನು ಕಣ್ಣಿಟ್ಟು ನೋಡಿದವರು ಕಾಣಬಹುದು.

ಕಾಗುಣಿತವು ಹೀಗೆ ಒಂದು ನಿಯಮ. ಅದನ್ನು ಪಂಕ್ತಿಯಾಗಿ ಮಾತ್ರ ಒಪ್ಪಿಸಿದಾಗ ನಿಯಮ ಹೋಗಿ ರಾಗ ಉಳಿಯುತ್ತದೆ. ‘ಕ, ಕಾ, ಕಿ, ಕೀ’ ಎಂದು ತಡೆಯಿಲ್ಲದೆ ಹೇಳುವ ಮಗುವಿಗೆ ‘ತೊ’ ಎಂಬ ಒಂದೇ ಅಕ್ಷರವನ್ನು ತೋರಿಸಿದಾಗ, ಅದು ‘ತ, ತಾ’ ಎಂದು ಮೊದಲಿನಿಂದ ಎಣಿಸುತ್ತ ಬಂದು ‘ತೊ’ವನ್ನು ಮುಟ್ಟುವುದಾದರೆ, ಆ ಮಗುವಿಗೆ ಕಾಗುಣಿತ ಬಂದಿತೆನ್ನಲಾಗದು, ಕಾಗುಣಿತದ ಪದ್ಯ ಬಂದಿದೆ, ಅಷ್ಟೆ. ಪಂಕ್ತಿಯನ್ನು ಅಡ್ಡಲಾಗಿ ಹೇಳಿಸುವಂತೆಯೇ ‘ಕಿ, ಗಿ, ತಿ, ನಿ’ ಎಂದು ಕೆಳಮುಖವಾಗಿಯೂ ಹೇಳಿಸಬೇಕು. ಆಗ ಗುಡಿಸೆಂಬ ಒಂದೇ ಚಿಹ್ನೆ ಎಲ್ಲೆಡೆಯಲ್ಲಿಯೂ ಒಂದೇ ಕೆಲಸ ಮಾಡುವುದು ತಾನಾಗಿ ಹೊಳೆಯುತ್ತದೆ. ಪು, ವುಗಳ ಕೊಂಬು, ಮೊ, ಯೊಗಳ ಓತ್ವ ಮೊದಲಾದ ಅಪವಾದಗಳನ್ನು ಉತ್ಸರ್ಗವು ನೆಲೆಗೊಂಡ ಮೇಲೆಯೇ ಹೇಳಬೇಕು. ಸಾಮಾನ್ಯವಿಧಿಯ ಬಳಿಕ ವಿಶೇಷವಿಧಿ ಎಂಬುದು ವ್ಯಾಕರಣಶಾಸ್ತ್ರಕ್ಕೆ ಹೊಸದಲ್ಲ.

ಒತ್ತಕ್ಷರದ ಕಷ್ಟ ಬೇರೆ ಬಗೆಯದು. ತ, ನ, ಮ, ಯ, ರ, ಲಗಳ ಒತ್ತುಗಳು ಮೂಲರೂಪವನ್ನು ಹೋಲುವುದಿಲ್ಲ. ಅವನ್ನು ಹೊಸ ಅಕ್ಷರಗಳಂತೆಯೇ ಕಲಿಸಬೇಕು. ‘ಸೂರ್ಯ’ ಎಂಬಲ್ಲಿ ರಕಾರವನ್ನು ಕಿವಿ ಮೊದಲು ಕೇಳುತ್ತದೆ, ಕೈಯಾದರೋ ಅರ್ಕಾವೊತ್ತನ್ನು ಅನಂತರ ಬರೆಯುತ್ತದೆ. ಮಕ್ಕಳು ಇಲ್ಲಿ ತಪ್ಪುವುದು ಅಲಕ್ಷ್ಯದಿಂದಲ್ಲ. ಕೇಳುವ ಕ್ರಮ, ಬರೆಯುವ ಕ್ರಮಗಳೆರಡೂ ಬೇರೆಯಾದುದರಿಂದ. ಈ ಭೇದವನ್ನು ತಿಳಿಯದ ಉಪಾಧ್ಯಾಯನು ಶಿಕ್ಷಿಸುವುದು ಮಗುವನ್ನು, ದೋಷವಿರುವುದು ಪಾಠದಲ್ಲಿ.

೪

ಕಾಗುಣಿತದ ಬೆನ್ನಿಗೇ ಜನರ, ಊರುಗಳ, ಪ್ರಾಣಿಗಳ ಹೆಸರುಗಳನ್ನು ಬರೆಯಿಸುತ್ತಿದ್ದುದು ಈ ಪಾಠಕ್ರಮದ ಅತ್ಯುತ್ತಮ ಘಟ್ಟ. ತನ್ನ ಹೆಸರನ್ನೂ ತನ್ನ ಊರಿನ ಹೆಸರನ್ನೂ ಬರೆದ ಮಗುವಿಗೆ ಅಕ್ಷರವು ಅರ್ಥವನ್ನು ಹೊರಬಲ್ಲುದೆಂಬ ಅರಿವು ಅಂದೇ ಆಗುತ್ತದೆ. ಅಚ್ಚಾದ ಬಾಲಬೋಧೆಗಳು ಈ ಘಟ್ಟವನ್ನು ಹಿಂದಕ್ಕೆ ತಂದು ‘ಆ’ ಎಂಬುದರ ಬಳಿಯಲ್ಲಿಯೇ ಆನೆಯ ಚಿತ್ರವನ್ನು ನಿಲ್ಲಿಸಿದವು. ಚಿತ್ರವೇನೋ ಮನೋಹರ, ಆದರೆ ‘ನೆ’ ಎಂಬುದನ್ನು ಕಲಿಯದ ಮಗು ‘ಆನೆ’ ಎಂಬುದನ್ನು ಓದಲಾರದು, ಆನೆಯನ್ನು ನೋಡಬಲ್ಲದು. ‘ಋ’ವಿಗೆ ಋಷಿಯನ್ನು ತರಬೇಕಾಯಿತು, ಙ, ಞಗಳಿಗೆ ತರಲು ಏನೂ ಇಲ್ಲವಾಯಿತು.

ಹೆಸರುಗಳವರೆಗೆ ಸರಿಯಾಗಿ ಬಂದ ಹಳೆಯ ಕ್ರಮವು ಪುಸ್ತಕದ ಬಾಗಿಲಲ್ಲಿ ಎಡವಿತೆಂಬುದನ್ನು ಕ್ಯಾಂಪ್‌ಬೆಲ್ಲನೇ ತೋರಿಸಿದ್ದಾನೆ. ಶಾಲೆಯಲ್ಲಿ ಓದಿಸುತ್ತಿದ್ದ ಕಾವ್ಯಪುರಾಣಗಳ ಭಾಷೆ ಆಡುವ ಮಾತಿಗಿಂತ ಬಹಳ ಬೇರೆ. ಲಿಪಿ ಒಂದೇ ಆದ್ದರಿಂದ ಹುಡುಗನು ಅಕ್ಷರಗಳನ್ನು ಉಚ್ಚರಿಸುವನು, ಅರ್ಥವನ್ನು ಅರಿಯನು. ಕಂಠಸ್ಥವಾದ ಪದ್ಯರಾಶಿಯ ವಿಷಯದಲ್ಲಿ ಅಂತಹ ಹುಡುಗನಿಗೂ ಗಿಣಿಗೂ ಭೇದವಿಲ್ಲವೆಂದು ಆತನ ಕಟುವಾದ ಮಾತು.

ವಿದೇಶೀಯನ ಮಾತೆಂದು ಇದನ್ನು ತಳ್ಳಿಬಿಡಲು ಬರುವುದಿಲ್ಲ. ಅರ್ಥವರಿಯದೆ ವೇದವನ್ನು ಕಲಿತವನು ಬರಿಯ ಭಾರವನ್ನು ಹೊತ್ತವನೆಂದು ಯಾಸ್ಕನ ನಿರುಕ್ತವೇ ನಿಂದಿಸುತ್ತದೆ. ಪಾಣಿನೀಯಶಿಕ್ಷೆಯು ಎಣಿಸುವ ಆರು ಮಂದಿ ಅಧಮಪಾಠಕರಲ್ಲಿ ಅರ್ಥವನ್ನರಿಯದವನೂ ಒಬ್ಬ. ಅದೇ ಪಟ್ಟಿಯಲ್ಲಿ ಬರೆದುದನ್ನು ನೋಡಿ ಓದುವವನೂ ಸೇರಿದ್ದಾನೆಂಬುದು ಗಮನಾರ್ಹ. ವೇದಪಾಠಕ್ಕೆ ದೋಷವಾದುದೇ ಲೋಕವ್ಯವಹಾರದ ಓದಿಗೆ ಗುಣ. ಎರಡರ ಪ್ರಯೋಜನ ಬೇರೆ, ಆದುದರಿಂದ ವಿಧಾನವೂ ಬೇರೆ. ಶ್ರುತಿಯ ರಕ್ಷಣೆಗಾಗಿ ಹುಟ್ಟಿದ ಕಂಠಪಾಠವಿಧಾನವನ್ನು ಲಿಪಿಯ ಕಲಿಕೆಗೆ ಹಾಗೆಯೇ ಹೊಂದಿಸಿದ್ದು ವಿಷಯಭೇದವನ್ನು ಮರೆತ ತಪ್ಪು.

೫

ಈ ಪ್ರಯೋಜನಭೇದವನ್ನು ಹಿಡಿದು ಇನ್ನೊಂದು ವಾದವನ್ನೂ ಬಗೆಹರಿಸಬಹುದು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ೧೯೯೫ರಲ್ಲಿ ಆರಂಭವಾಗಿ ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆ ವ್ಯಾಪಿಸಿದ ‘ನಲಿ-ಕಲಿ’ ಪದ್ಧತಿಯು ಅಕ್ಷರಗಳನ್ನು ಅಕಾರಾದಿಯಾಗಿ ಕಲಿಸದೆ ‘ರ, ಗ, ಸ, ದ, ಅ’ ಎಂಬ ಗುಂಪಿನಿಂದ ತೊಡಗುತ್ತದೆ. ವರ್ಣಮಾಲೆಯ ಶಾಸ್ತ್ರೀಯ ಕ್ರಮ ಕೆಡುವುದೆಂಬುದು ಇದರ ಮೇಲಿನ ಆಕ್ಷೇಪ. ಕಂಠದಿಂದ ಓಷ್ಠದವರೆಗೆ ಸ್ಥಾನಾನುಸಾರವಾಗಿ ಜೋಡಿಸಿದ ಆ ಮಾಲೆಯ ಸೊಬಗು ನಿಜವಾಗಿಯೂ ದೊಡ್ಡದು, ಆಕ್ಷೇಪವು ಅನಾದರಣೀಯವಲ್ಲ.

ಆದರೂ ಸಮಾಧಾನವು ಶಾಸ್ತ್ರದಲ್ಲಿಯೇ ಇದೆ. ಪಾಣಿನಿಯ ವ್ಯಾಕರಣಕ್ಕೆ ಮೊದಲಾದ ಹದಿನಾಲ್ಕು ಮಾಹೇಶ್ವರಸೂತ್ರಗಳು ಅದೇ ವರ್ಣಗಳನ್ನು ಬೇರೆಯೇ ಕ್ರಮದಲ್ಲಿ ನಿಲ್ಲಿಸುತ್ತವೆ, ವರ್ಗಗಳನ್ನು ಒಡೆಯುತ್ತವೆ, ಹಕಾರವನ್ನು ಎರಡು ಸಲ ಹೇಳುತ್ತವೆ. ಪ್ರತ್ಯಾಹಾರಗಳ ಸೌಕರ್ಯವೇ ಅಲ್ಲಿ ಪ್ರಯೋಜನ. ಕೇಶಿರಾಜನು ಅಚ್ಚಗನ್ನಡಕ್ಕೆ ೪೭ ಅಕ್ಷರಗಳೆಂದು ನಿರ್ಣಯಿಸಿದ್ದೂ ಭಾಷೆಯ ಅಗತ್ಯವನ್ನು ನೋಡಿಯೇ. ಹೀಗೆ ವರ್ಣಗಳ ಕ್ರಮವು ಪ್ರಯೋಜನಕ್ಕೆ ಅಧೀನವೆಂಬುದು ಪ್ರಾಚೀನರ ಆಚಾರದಿಂದಲೇ ಸಿದ್ಧವಾಗುತ್ತದೆ. ಹದಿಮೂರು ಸ್ವರಗಳನ್ನು ಕಲಿತು ಮುಗಿಸಿದ ಮಗು ಆ, ಈಗಳಂತಹ ಒಂದಕ್ಷರದ ಮಾತುಗಳನ್ನಲ್ಲದೆ ಬೇರೆ ಪದವನ್ನು ಓದಲಾರದು. ಐದೇ ಅಕ್ಷರಗಳ ಆ ಗುಂಪನ್ನು ಕಲಿತ ಮಗು ಸರ, ಅರಸ, ಅಗಸ, ಗರಗಸ, ದಸರ ಎಂಬ ಮಾತುಗಳನ್ನು ಓದಬಲ್ಲದು. ಬಳ್ಳಾರಿಯ ಐಗಳು ಹೆಸರುಗಳಿಂದ ಪಡೆದ ಫಲವೇ ಇಲ್ಲಿ ಇನ್ನೂ ಬೇಗ ದೊರೆಯುತ್ತದೆ.

ಆದರೆ ಹೊಸ ಪದ್ಧತಿಯ ಅಭಿಮಾನಿಗಳು ವರ್ಣಮಾಲೆಯನ್ನು ಬಿಟ್ಟೇಬಿಡುವುದು ಸಲ್ಲದು. ನಿಘಂಟನ್ನು ನೋಡಲು ಅದು ಬೇಕು. ಅಲ್ಪಪ್ರಾಣ ಮಹಾಪ್ರಾಣಗಳನ್ನೂ ಲ, ಳಗಳನ್ನೂ ಅ, ಹಗಳನ್ನೂ ಬೇರ್ಪಡಿಸಿ ‘ಬೆಲೆ’ ‘ಬೆಳೆ’, ‘ಆಡು’ ‘ಹಾಡು’ ಎಂದು ಶುದ್ಧವಾಗಿ ಬರೆಯಲು ಸ್ಥಾನಪ್ರಯತ್ನಗಳ ಅರಿವು ಬೇಕು. ಓದು ಬಂದ ಮಗುವಿಗೆ ವರ್ಣಮಾಲೆಯು ತಾನು ಕಂಡ ಅಕ್ಷರಗಳ ಬಂಧುತ್ವವನ್ನು ತೋರಿಸುವ ಶಾಸ್ತ್ರ. ಓದು ಬಾರದ ಮಗುವಿಗೆ ಅರ್ಥವಿಲ್ಲದ ಸರಣಿ. ಅದರ ಸ್ಥಾನ ಪಾಠದ ಆದಿಯಲ್ಲಲ್ಲ, ಅಂತ್ಯದಲ್ಲಿ.

೬

ಲೆಕ್ಕದ ವಿಷಯದಲ್ಲಿಯೂ ನ್ಯಾಯ ಒಂದೇ. ಮಗ್ಗಿಯೂ ಗುಣಿತವೇ, ಕಾಗುಣಿತಕ್ಕೆ ತಗಲಿದ ದೋಷ ಅದಕ್ಕೂ ತಗಲಿದೆ. ‘ಏಳೆಂಟ್ಲೆ’ ಎಷ್ಟೆಂದು ಕೇಳಿದರೆ ‘ಏಳೊಂದ್ಲೆ’ಯಿಂದ ಹೊರಡುವ ಮಗುವಿಗೆ ಮಗ್ಗಿಯ ರಾಗವಿದೆ, ಗುಣಾಕಾರವಿಲ್ಲ. ಏಳು ಎಂಟು ಸಲ ಕೂಡಿದರೂ ಎಂಟು ಏಳು ಸಲ ಕೂಡಿದರೂ ಐವತ್ತಾರೇ ಎಂಬುದನ್ನು ಹುಣಿಸೆಬೀಜಗಳ ಸಾಲಿನಲ್ಲಿ ಕಂಡ ಮಗುವಿಗೆ ಅರ್ಧ ಮಗ್ಗಿ ಉಳಿತಾಯವಾಗುತ್ತದೆ. ಬಳ್ಳಾರಿಯ ಶಾಲೆಗಳು ಗುಣಾಕಾರಕ್ಕೆ ಮುಂಚೆ ಕೂಡುವ ಕೋಷ್ಟಕವನ್ನು ಕಲಿಸುತ್ತಿದ್ದುದು ಈ ದೃಷ್ಟಿಯಿಂದ ಪ್ರಶಂಸನೀಯ.

ಕನ್ನಡದ ಸಂಖ್ಯಾವಾಚಕಗಳು ಇದಕ್ಕೆ ಸಹಾಯಕವಾಗಿವೆ. ಸಂಸ್ಕೃತದ ‘ತ್ರಯೋವಿಂಶತಿ’ಯಲ್ಲಿ ಮೂರು ಮೊದಲು, ಇಪ್ಪತ್ತು ಅನಂತರ, ಕನ್ನಡದ ‘ಇಪ್ಪತ್ತಮೂರು’ ಎಂಬಲ್ಲಿ ಮಾತಿನ ಕ್ರಮವೇ ೨೩ ಎಂಬ ಬರೆಹದ ಕ್ರಮ. ಸ್ಥಾನಬೆಲೆಯೆಂಬ ಕಠಿನ ತತ್ತ್ವವು ಮಗುವಿನ ನಾಲಗೆಯಲ್ಲಿ ಆಗಲೇ ನೆಲಸಿದೆ. ಉಪಾಧ್ಯಾಯನು ಅದನ್ನು ತೋರಿಸಿಕೊಟ್ಟರೆ ಸಾಕು.

ನಾಲ್ಕರಿಂದ ಇಳಿಯುವ ಭಿನ್ನಾಂಕಗಳು ಕಾಲು, ವೀಸ, ಕಾಣಿಗಳು: ಕಾಲಿನ ಕಾಲು ವೀಸ, ವೀಸದ ಕಾಲು ಕಾಣಿ. ಹದಿನಾರಾಣೆಯ, ಅರುವತ್ತನಾಲ್ಕು ಕಾಸಿನ ರೂಪಾಯಿಯಲ್ಲಿ ಆಣೆಯೇ ವೀಸ, ಕಾಸೇ ಕಾಣಿ. ಪಾಠಕ್ಕೂ ಸಂತೆಗೂ ಅಂತರವಿರಲಿಲ್ಲ. ೧೯೫೭ನೆಯ ಏಪ್ರಿಲ್ ೧ರಂದು ರೂಪಾಯಿಗೆ ನೂರು ಪೈಸೆಯಾದ ಮೇಲೆ ಆ ಕೋಷ್ಟಕಗಳು ನಿರುಪಯುಕ್ತವಾದವು. ಅವನ್ನು ಮರಳಿ ತರಬೇಕೆನ್ನುವುದು ವೃಥಾಭಿಮಾನ. ಆದರೆ ಒಂದು ರೊಟ್ಟಿಯನ್ನು ಅರೆ, ಕಾಲು ಮಾಡಿ ತೋರಿಸುವ ಬುದ್ಧಿ ನಿರುಪಯುಕ್ತವಾಗಿಲ್ಲ. ಲೆಕ್ಕವು ಮಗುವಿನ ಕಣ್ಣೆದುರಿನ ವ್ಯವಹಾರದಿಂದ ಹೊರಡಬೇಕೆಂಬುದೇ ಅಲ್ಲಿ ಉಳಿಯುವ ಸಾರ.

ಬಳ್ಳಾರಿಯ ೬,೬೪೧ ಮಕ್ಕಳಲ್ಲಿ ಹೆಣ್ಣುಮಕ್ಕಳು ಅರುವತ್ತು ಮಾತ್ರ. ಇಡೀ ಜಿಲ್ಲೆಯ ಸಾವಿರ ಜನರಲ್ಲಿ ಶಾಲೆಗೆ ಹೋಗುತ್ತಿದ್ದವರು ಸುಮಾರು ಏಳು ಮಂದಿ ಮಾತ್ರ. ಗುಣಗಳಿದ್ದ ಪಾಠಕ್ರಮ ಅಷ್ಟು ಸಣ್ಣ ವರ್ತುಲದಲ್ಲಿ ತಿರುಗುತ್ತಿದ್ದಿತು. ಇಂದು ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿದೆ. ಮನೆಯಲ್ಲಿ ಪುಸ್ತಕವಿಲ್ಲದ, ತಪ್ಪನ್ನು ತಿದ್ದುವವರಿಲ್ಲದ ಮಗುವೂ ಬಂದು ಕುಳಿತಿದೆ. ಅಂತಹ ಮಗುವಿಗೆ ಶಾಲೆಯ ಪಾಠವೇ ಸರ್ವಸ್ವ. ಪಂಕ್ತಿಯನ್ನು ಒಪ್ಪಿಸಿದುದನ್ನೇ ಓದೆಂದು ಎಣಿಸಿ ಮುಂದಿನ ತರಗತಿಗೆ ಕಳುಹಿಸಿದರೆ ನಷ್ಟವಾಗುವುದು ಆ ಮಗುವಿಗೆ. ಆದುದರಿಂದ ಬಾಲಬೋಧೆಯನ್ನು ಪರೀಕ್ಷಿಸುವ ವಿದ್ವಾಂಸನು ಕೇಳಬೇಕಾದ ಪ್ರಶ್ನೆ, ಅದು ಹಳೆಯದೋ ಹೊಸದೋ ಎಂಬುದಲ್ಲ. ಪಂಕ್ತಿಯಿಂದ ಹೊರಗೆ ನಿಲ್ಲಿಸಿದ ಒಂದು ಅಕ್ಷರವನ್ನು, ಮಗ್ಗಿಯಿಂದ ಹೊರಗೆ ನಿಲ್ಲಿಸಿದ ಒಂದು ಲೆಕ್ಕವನ್ನು ಮಗು ತಾನಾಗಿ ಗುರುತಿಸುವಂತೆ ಅದು ಮಾಡುವುದೋ ಇಲ್ಲವೋ ಎಂಬುದು.