ಡಿಸ್ಕ್ ಯಾರ ಕೈಗೆ ಬರುತ್ತದೆ?

ಲೀಗ್ ನಡೆಸುವುದನ್ನು ಮುಂಬೈಗೆ ಯಾರೂ ಹೇಳಿಕೊಡಬೇಕಿಲ್ಲ. 1948ರಲ್ಲಿ ಶುರುವಾದ ಕಾಂಗಾ ಲೀಗ್ ಮಳೆಗಾಲದಲ್ಲೇ ಆಡುವ ಕ್ರಿಕೆಟ್. ಪಿಚ್‌ಗೆ ಹೊದಿಕೆಯಿಲ್ಲ, ಮೈದಾನದ ತುಂಬ ಕೆಸರು, ಎತ್ತರದ ಹುಲ್ಲು. ಆದರೂ ಗಾವಸ್ಕರ್, ತೆಂಡೂಲ್ಕರ್‌ರಂಥವರು ಅದರಲ್ಲಿ ಬೆಂದು ಬಂದವರು. ಇಂಥ ಊರಿನಲ್ಲಿ ಹೆಣ್ಣು ಗಂಡು ಒಂದೇ ತಂಡದಲ್ಲಿ ಆಡುವ ಲೀಗ್ ಎಲ್ಲಿದೆ ಎಂದು ಹುಡುಕಿದರೆ ಸಿಗುವುದು ಬಹಳ ಕಡಿಮೆ. ನಮ್ಮ ಕನ್ನಡ ಸಂಘಗಳ ಕ್ರೀಡಾಕೂಟಗಳನ್ನೇ ನೋಡಿ: ಗಂಡಸರಿಗೆ ಕ್ರಿಕೆಟ್, ವಾಲಿಬಾಲ್, ಹಗ್ಗಜಗ್ಗಾಟ, ಹೆಂಗಸರಿಗೆ ಥ್ರೋಬಾಲ್, ಲಿಂಬೆ ಚಮಚ, ಸಂಗೀತ ಕುರ್ಚಿ. ಊರಲ್ಲಿ ಒಟ್ಟಿಗೆ ಲಗೋರಿ ಆಡಿದ ಅಣ್ಣ ತಂಗಿ ಮುಂಬೈಯ ಮೈದಾನದಲ್ಲಿ ಒಟ್ಟಿಗೆ ಓಡಿದ್ದನ್ನು ನಾನು ಕಂಡದ್ದು ಅಲ್ಟಿಮೇಟ್ ಫ್ರಿಸ್ಬಿಯ ಬೇಸಿಗೆ ಲೀಗ್‌ನಲ್ಲಿ. ಹಾಗಾಗಿ ಹೆಣ್ಣು ಗಂಡು ಬೆರೆತು ಆಡುವ ಈ ಪದ್ಧತಿಯನ್ನು ಹವ್ಯಾಸವೆಂದು ಹಗುರ ಮಾಡದೆ, ಅದು ಕೊಡುವ ಮಾತನ್ನು ಎಷ್ಟು ಉಳಿಸಿಕೊಳ್ಳುತ್ತದೆ ಎಂದು ಅಳೆದು ನೋಡಬೇಕು.

ಆಟ 1968ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಒಂದು ಹೈಸ್ಕೂಲಿನ ಹುಡುಗರಿಂದ ಹುಟ್ಟಿತು. 175 ಗ್ರಾಮಿನ ಪ್ಲಾಸ್ಟಿಕ್ ಡಿಸ್ಕ್, ತಂಡಕ್ಕೆ ಏಳು ಮಂದಿ, 100 ಮೀಟರ್ ಉದ್ದ 37 ಮೀಟರ್ ಅಗಲದ ಅಂಗಳ, ಎರಡೂ ತುದಿಯಲ್ಲಿ 18 ಮೀಟರಿನ ಗೋಲು ವಲಯ. ಡಿಸ್ಕ್ ಹಿಡಿದವರು ಓಡುವಂತಿಲ್ಲ, ಹತ್ತು ಎಣಿಸುವುದರೊಳಗೆ ಎಸೆಯಬೇಕು. ಎಣಿಸುವವರು ಎದುರಾಳಿಯೇ, ಅದೂ ಗಟ್ಟಿಯಾಗಿ. ಡಿಸ್ಕ್ ನೆಲಕ್ಕೆ ಬಿದ್ದರೆ ಆಟ ಎದುರು ತಂಡದ್ದು. ಇಷ್ಟು ತಿಳಿದರೆ ಆಟ ನೋಡಬಹುದು.

ಅಂಪೈರ್ ಇಲ್ಲದಿರುವುದೇ ಇದರ ದೊಡ್ಡ ಗುಣ. ಜಾಗತಿಕ ಚಾಂಪಿಯನ್‌ಶಿಪ್‌ಗಳಲ್ಲೂ ಫೌಲನ್ನು ಆಟಗಾರರೇ ಕೂಗಿ, ಆಟಗಾರರೇ ತೀರ್ಮಾನಿಸುತ್ತಾರೆ. ಒಮ್ಮೆ ಹತ್ತಿರದಿಂದ ನೋಡಿದ್ದು ಹೇಳುತ್ತೇನೆ. ಕಾಲೇಜು ಹುಡುಗಿಯೊಬ್ಬಳು ಡಿಸ್ಕ್‌ಗೆ ಕೈ ಚಾಚುವಾಗ ಹಿಂದಿನಿಂದ ಬಂದ ಗಟ್ಟಿ ಆಳಿನ ಭುಜ ತಗಲಿತು, ಡಿಸ್ಕ್ ಬಿತ್ತು. ಅವಳು "ಫೌಲ್" ಎಂದಳು. ಆಟ ಅಲ್ಲೇ ನಿಂತಿತು. ಅವನು, "ನಾನು ಮೊದಲೇ ಆ ಜಾಗದಲ್ಲಿದ್ದೆ" ಎಂದ. ಅವಳು ತಾನು ಎಲ್ಲಿಂದ ಓಡಿ ಬಂದೆ, ಅವನು ಯಾವ ಕಡೆಯಿಂದ ಬಂದ ಎಂದು ಕೈ ತೋರಿಸಿ ವಿವರಿಸಿದಳು. ಸುತ್ತಲಿನ ಹನ್ನೆರಡು ಮಂದಿ ಬಾಯಿ ಹಾಕದೆ ನಿಂತಿದ್ದರು. ಇಬ್ಬರೂ ಒಪ್ಪಲಿಲ್ಲ. ಡಿಸ್ಕ್ ಎಸೆದವನ ಕೈಗೆ ಮರಳಿತು, ಆಟ ಮುಂದುವರಿಯಿತು. ಇಡೀ ಮಾತು ಅರ್ಧ ನಿಮಿಷ ಹಿಡಿದಿರಬಹುದು. ಲೋಕಲ್ ರೈಲಿನಲ್ಲಿ ಭುಜ ತಗಲಿದರೆ ಮುಖ ತಿರುಗಿಸಿ ಸುಮ್ಮನಾಗಲು ಕಲಿತ ಹುಡುಗಿ ಇಲ್ಲಿ ನಿಂತು, ಅಪರಿಚಿತ ಗಂಡಸಿಗೆ ಅವನ ತಪ್ಪನ್ನು ಮುಖಕ್ಕೆ ಹೇಳಿದಳು, ಅವನು ಕೇಳಿಸಿಕೊಂಡ. ಬೇರೆ ಯಾವ ಆಟದಲ್ಲೂ ಇದಕ್ಕೆ ಇಷ್ಟು ಜಾಗ ನಾನು ಕಂಡಿಲ್ಲ. 2012ರಲ್ಲಿ ಅಮೆರಿಕದಲ್ಲಿ ಶುರುವಾದ ವೃತ್ತಿಪರ ಲೀಗ್ ರೆಫರಿಗಳನ್ನು ಇಟ್ಟುಕೊಂಡಿತು. ಟಿಕೆಟ್ ಕೊಂಡು ಬಂದವರಿಗೆ ವೇಗ ಬೇಕು, ಸರಿ. ಹವ್ಯಾಸಿ ಲೀಗ್ ಆ ದಾರಿ ಹಿಡಿಯಲೇಬಾರದು.

ಪಂದ್ಯ ಮುಗಿದ ಮೇಲೆ ಎರಡೂ ತಂಡದವರು ಬೆರೆತು ಸುತ್ತ ನಿಂತು ಮಾತಾಡುತ್ತಾರೆ. ಆಮೇಲೆ ಎದುರು ತಂಡದ ನಡತೆಗೆ ಅಂಕ: ನಿಯಮದ ತಿಳಿವು, ಮೈಸೋಂಕು, ನ್ಯಾಯಬುದ್ಧಿ, ಹಿಡಿತ, ಮಾತುಕತೆ ಎಂಬ ಐದಕ್ಕೆ ತಲಾ ನಾಲ್ಕರಂತೆ ಒಟ್ಟು 20. ಪದ್ಧತಿ ಚೆನ್ನಾಗಿದೆ. ಆದರೆ ಲೀಗ್‌ಗಳಲ್ಲಿ ಇದು ಸೌಜನ್ಯದ ವಿನಿಮಯವಾಗಿಬಿಡುವುದುಂಟು. ಎಲ್ಲ ತಂಡಗಳಿಗೂ ಹೆಚ್ಚುಕಡಿಮೆ ಒಂದೇ ಅಂಕ ಬರುತ್ತದೆ. ಒರಟಾಗಿ ಆಡಿದವರಿಗೆ ಕಡಿಮೆ ಕೊಡುವ ಧೈರ್ಯವಿಲ್ಲದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ.

ನನ್ನ ನಿಜವಾದ ತಕರಾರು ಇನ್ನೊಂದು ಕಡೆಯದು. ಮಿಶ್ರ ಆಟದ ನಿಯಮ ತಲೆ ಎಣಿಸುತ್ತದೆ: ಒಂದು ಪಾಯಿಂಟ್‌ಗೆ ನಾಲ್ವರು ಗಂಡಸರು ಮೂವರು ಹೆಂಗಸರು, ಇನ್ನೊಂದಕ್ಕೆ ಅದರ ತಿರುಗುಮುರುಗು, ಹೀಗೆ ಕ್ರಮವಾಗಿ ಬದಲಾಗುತ್ತದೆ. ಕಾಗದದಲ್ಲಿ ಇದಕ್ಕಿಂತ ನ್ಯಾಯ ಬೇಕಿಲ್ಲ. ಈಗ ಗಡಿಗೆರೆಯ ಪಕ್ಕ ನಿಂತು, ಯಾರು ಓಡುತ್ತಿದ್ದಾರೆ ಎಂಬುದನ್ನು ಬಿಟ್ಟು ಡಿಸ್ಕ್ ಯಾರ ಕೈಯಿಂದ ಯಾರ ಕೈಗೆ ಹೋಗುತ್ತಿದೆ ಎಂದಷ್ಟೇ ನೋಡಿ. ಹಿಂದೆ ನಿಂತು ಆಟ ಕಟ್ಟುವ ಹ್ಯಾಂಡ್ಲರ್ ಜಾಗದಲ್ಲಿ ಹೆಚ್ಚಾಗಿ ಗಂಡಸರು. ಮುಂದೆ ಹೆಂಗಸೊಬ್ಬಳು ಎದುರಾಳಿಯನ್ನು ತಪ್ಪಿಸಿ, ಬಯಲಲ್ಲಿ ಒಬ್ಬಳೇ ನಿಂತು ಕೈ ಎತ್ತಿದ್ದಾಳೆ. ಹ್ಯಾಂಡ್ಲರ್ ಅವಳನ್ನು ನೋಡುತ್ತಾನೆ, ಎಸೆಯುವುದಿಲ್ಲ. ಇಬ್ಬರು ಮುತ್ತಿಕೊಂಡಿರುವ ಗೆಳೆಯನ ಕಡೆಗೆ ಉದ್ದ ಎಸೆಯುತ್ತಾನೆ. ಡಿಸ್ಕ್ ಬೀಳುತ್ತದೆ. "ಒಳ್ಳೆ ಪ್ರಯತ್ನ" ಎಂದು ಚಪ್ಪಾಳೆ. ಅವಳು ಮತ್ತೆ ಓಡುತ್ತಾಳೆ, ಈ ಸಲ ರಕ್ಷಣೆಗೆ.

ಕೇಳಿದರೆ ಬರುವ ಉತ್ತರ ಒಂದೇ: ಅವರ ಎಸೆತ ಇನ್ನೂ ಪಳಗಿಲ್ಲ. ಕೈಗೆ ಡಿಸ್ಕ್ ಬಾರದವರ ಎಸೆತ ಪಳಗುವುದು ಯಾವಾಗ? ಹವ್ಯಾಸಿ ಲೀಗ್ ಇರುವುದೇ ಪಳಗದವರಿಗೆ. ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ 2011ರ 'ವೈ ಲಾಯ್ಟರ್' ಪುಸ್ತಕದಲ್ಲಿ, ಮುಂಬೈಯ ಹೆಣ್ಣು ಹೊರಗೆ ಕಾಣಿಸಿಕೊಳ್ಳಲು ಸದಾ ಒಂದು ಕಾರಣ ತೋರಿಸಬೇಕು, ಸುಮ್ಮನೆ ಅಡ್ಡಾಡುವ ಹಕ್ಕು ಅವಳಿಗಿಲ್ಲ ಎಂದು ವಾದಿಸಿದರು. ಮೈದಾನದಲ್ಲೂ ಹಾಗೆಯೇ ಆಗುತ್ತಿದೆ: ಗಂಡು ಆಡುತ್ತ ಕಲಿಯಬಹುದು, ಹೆಣ್ಣು ಕಲಿತುಕೊಂಡೇ ಬರಬೇಕು. ಮುಂಬೈ ಪಕ್ಕದ ಮುಂಬ್ರಾದಲ್ಲಿ ಪರ್ಚಮ್ ಎಂಬ ಗುಂಪು ಹುಡುಗಿಯರ ಫುಟ್‌ಬಾಲ್ ಕಟ್ಟಿ, ಅವರಿಗಾಗಿ ಮೈದಾನ ಬೇಕೆಂದು ಹೋರಾಡಿತು. ಅಲ್ಲಿನ ಹುಡುಗಿಯರು ಜಾಗ ಕೇಳಿದರು. ಇಲ್ಲಿ ಜಾಗ ಸಿಕ್ಕಿದೆ, ಡಿಸ್ಕ್ ಸಿಕ್ಕಿಲ್ಲ ಎನ್ನಬೇಕು.

ಸಂಘಟಕರ ಕಷ್ಟ ನನಗೆ ಗೊತ್ತಿದೆ. ಈ ನಗರದಲ್ಲಿ ತಲೆಗೆ ಎರಡು ಚದರ ಮೀಟರ್ ಬಯಲೂ ಇಲ್ಲ. ಓವಲ್, ಆಜಾದ್, ಶಿವಾಜಿ ಪಾರ್ಕ್ ಭಾನುವಾರ ಕ್ರಿಕೆಟ್‌ನವರ ಪಾಲು. ಒಬ್ಬರ ಲಾಂಗ್ ಆನ್ ಇನ್ನೊಬ್ಬರ ಸ್ಲಿಪ್. ಉಪನಗರಗಳ ಟರ್ಫ್ ಬಾಡಿಗೆ ಗಂಟೆಗೆ ಸಾವಿರ ರೂಪಾಯಿ ದಾಟುತ್ತದೆ, ಅದೂ ಫುಟ್‌ಬಾಲ್‌ಗೆಂದು ಕಟ್ಟಿದ ಪುಟ್ಟ ಅಂಗಳ. ಉದ್ದ ಎಸೆದರೆ ಡಿಸ್ಕ್ ಬಲೆಗೆ ಬಡಿಯುತ್ತದೆ. ಕಡಲತೀರದ ಮರಳಿನ ಮೇಲೆ ಐವರ ತಂಡ ಕಟ್ಟಿ ಆಡಬಹುದು, ಆದರೆ ಉಬ್ಬರದ ವೇಳೆ ನೋಡಿಕೊಂಡೇ ಪಂದ್ಯದ ಪಟ್ಟಿ ಹಾಕಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಬೆಳಗ್ಗೆ ಎಂಟಕ್ಕೇ ಬೆವರು ಕಣ್ಣಿಗಿಳಿಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಏಳುತ್ತದೆ. 175 ಗ್ರಾಮಿನ ಡಿಸ್ಕ್‌ಗೆ ಆ ಗಾಳಿಯೇ ಎಂಟನೇ ಆಟಗಾರ. ಜೂನ್ ಎರಡನೇ ವಾರಕ್ಕೆ ಮಳೆ. ಇವೆಲ್ಲದರ ನಡುವೆ ತಂಡ ಕಟ್ಟಿ, ಬಿಳಿ ಕೋನ್ ಇಟ್ಟು, ನೀರು ತರಿಸಿ, ವಾಟ್ಸಾಪ್ ಗುಂಪಿನಲ್ಲಿ ಬರುವವರ ಬಾರದವರ ಲೆಕ್ಕ ಹಿಡಿಯುವವರು ಸಂಬಳವಿಲ್ಲದ ಹುಡುಗ ಹುಡುಗಿಯರು. ಅವರ ಮೇಲೆ ನನಗೆ ಗೌರವವಿದೆ. ಅದಕ್ಕೇ ಈ ಮಾತು.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಒಬ್ಬೊಬ್ಬರಾಗಿ ಹೆಸರು ಕೊಟ್ಟು, ಸಂಘಟಕರು ಸಮತೂಕದ ತಂಡಗಳಾಗಿ ಹಂಚುವ ಹ್ಯಾಟ್ ಪದ್ಧತಿ ಅಪರಿಚಿತರನ್ನು ಬೆರೆಸಲು ತುಂಬ ಒಳ್ಳೆಯದು. ಆದರೆ ಹೆಸರು ಕೊಡುವ ಫಾರ್ಮ್ ಇಂಗ್ಲಿಷ್‌ನಲ್ಲಿ, ಸುದ್ದಿ ಇನ್‌ಸ್ಟಾಗ್ರಾಮ್‌ನಲ್ಲಿ, ಮೈದಾನ ಸ್ಟೇಷನ್ನಿನಿಂದ ಆಟೋ ಹಿಡಿದೇ ಹೋಗಬೇಕಾದ ಜಾಗದಲ್ಲಿ ಎಂದರೆ ಬೆರೆಯುವವರು ಒಂದೇ ಬಗೆಯವರು. ಚೆನ್ನೈಯ ಫ್ಲೈವೈಲ್ಡ್ ತಂಡ ಬೇರೆಬೇರೆ ಬದುಕಿನ ಆಟಗಾರರನ್ನು ಒಂದೇ ಮರಳಿನ ಮೇಲೆ ತಂದು ಹೆಸರಾಯಿತು. ಆ ತಂಡದ ಮೇಲಿನ '175 ಗ್ರಾಮ್ಸ್' ಎಂಬ ಕಿರುಚಿತ್ರ 2015ರಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದವರೆಗೂ ಹೋಯಿತು. ಧಾರಾವಿ, ವರ್ಸೋವಾ ಕೋಳಿವಾಡಗಳಿರುವ ಮುಂಬೈಗೆ ಅದು ಆಗದ ಕೆಲಸವೇನಲ್ಲ. ಫಾರ್ಮನ್ನು ಮರಾಠಿ, ಹಿಂದಿಯಲ್ಲೂ ಕೊಡಿ, ನಮ್ಮ ಸಂಘಗಳ ಫಲಕಕ್ಕೆ ಕನ್ನಡದಲ್ಲಿ ಒಂದು ಪ್ರತಿ ಕಳಿಸಿ.

ಉಳಿದದ್ದು ಅಂಕಪಟ್ಟಿಯ ವಿಷಯ. ಪ್ರತಿ ಪಂದ್ಯಕ್ಕೂ ಹೊರಗೆ ಕೂತ ಬದಲಿ ಆಟಗಾರರೊಬ್ಬರು, ಹೆಂಗಸರು ಎಸೆದ ಡಿಸ್ಕ್ ಎಷ್ಟು ಎಂದು ಗೆರೆ ಹಾಕುತ್ತ ಹೋಗಲಿ. ಆ ಸಂಖ್ಯೆಯನ್ನು ಸುತ್ತ ನಿಂತ ಎರಡೂ ತಂಡಗಳ ಮುಂದೆ, ಗೆದ್ದ ಪಾಯಿಂಟ್ ಹೇಳುವ ಮೊದಲೇ ಓದಲಿ. ಮೊದಲ ಎರಡು ವಾರ ಪ್ರತಿ ತಂಡದ ಮುಖ್ಯ ಹ್ಯಾಂಡ್ಲರ್ ಹೆಣ್ಣೇ ಆಗಿರಬೇಕೆಂದು ಲೀಗ್ ಶುರುವಾಗುವ ಮುಂಚೆಯೇ ಬರೆದು ಹಂಚಲಿ. ಡಿಸ್ಕ್‌ಗಳು ಬೀಳುತ್ತವೆ, ಬೀಳಲಿ. ಜೂನ್‌ವರೆಗೆ ಸಮಯವಿದೆ.