ಚೌಕಿಯ ವರ್ಣವಿದ್ಯೆ

ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷವೆಂದು ಕರೆಯಲ್ಪಡುವ ರಾಕ್ಷಸಪಾತ್ರಗಳ ಮುಖವರ್ಣಿಕೆಯ ಗಹನತೆಯು, ರಂಗಸ್ಥಳದೆದುರಿನಲ್ಲಿ ಕುಳಿತವರಿಗಿಂತ ವೇಷ ಕಟ್ಟುವ ಚೌಕಿಯ ದೀಪದ ಬಳಿಯಲ್ಲಿ ನಿಂತು ನೋಡಿದವರಿಗೇ ಹೆಚ್ಚಾಗಿ ವೇದ್ಯವಾಗತಕ್ಕದ್ದು. ಇಲ್ಲಿ ಪ್ರಸಾಧನಕ್ಕೆ ಬೇರೊಬ್ಬನಿಲ್ಲ. ಕುಣಿಯುವವನೇ ಕನ್ನಡಿಯನ್ನು ಹಿಡಿದು ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಾನೆ. ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು ಇವುಗಳ ರೇಖಾವಿನ್ಯಾಸವು ಮುಗಿದ ಬಳಿಕ, ಅಕ್ಕಿಯ ಹಿಟ್ಟಿಗೆ ಸುಣ್ಣವನ್ನು ಬೆರೆಸಿ ನುಣ್ಣಗೆ ಕಲಸಿದ ಲೇಪವನ್ನು ಸಣ್ಣ ಕಡ್ಡಿಯ ತುದಿಯಲ್ಲೆತ್ತಿ, ಬಿಂದುಬಿಂದುವಾಗಿ ಸಾಲಿಡುತ್ತ, ಒಂದು ಬಿಂದು ಆರಿದ ಮೇಲೆ ಅದರ ಮೇಲೆ ಮತ್ತೊಂದನ್ನಿಟ್ಟು, ಮುಳ್ಳುಮುಳ್ಳಾದ ಚಿಟ್ಟಿಯನ್ನು ಎಬ್ಬಿಸುವ ಆ ಕಾರ್ಯಕ್ಕೆ ಗಂಟೆಗಟ್ಟಲೆ ಕಾಲ ಹಿಡಿಯುವುದು. ಅಷ್ಟು ಹೊತ್ತೂ ಕೈ ನಡುಗಬಾರದು, ಮುಖವೂ ಅಲುಗಬಾರದು. ಇಷ್ಟು ತಾಳ್ಮೆಯನ್ನು ಬೇಡುವ ಚಿತ್ರಕರ್ಮವು ಬೆಳಗಾಗುವುದರೊಳಗೆ ಅಳಿಸಿಹೋಗುವುದೆಂಬುದನ್ನು ಬಲ್ಲವನೇ ಅದನ್ನು ಅಷ್ಟು ಶ್ರದ್ಧೆಯಿಂದ ಬರೆಯುವನಲ್ಲವೇ, ಅದೇ ನನಗೆ ಪರಮಾಶ್ಚರ್ಯ.

ಈ ವೃತ್ತಿಗೆ ಬಂದ ಬಾಲಕನು ಕೋಡಂಗಿ, ಬಾಲಗೋಪಾಲ ವೇಷಗಳಿಂದ ಮೊದಲ್ಗೊಂಡು ಮೆಟ್ಟಿಲು ಮೆಟ್ಟಿಲಾಗಿ ಏರುತ್ತ, ಹಿರಿಯರ ಕೈಚಳಕವನ್ನು ಇರುಳಿರುಳೂ ಕಂಡು ಕಲಿಯಬೇಕಾಗಿದ್ದಿತು. ಬಣ್ಣದ ಮಾಲಿಂಗರೆಂದು ಜನ ಪ್ರೀತಿಯಿಂದ ಕರೆದ ಹಿರಿಯ ಕಲಾವಿದರು ಈ ಪರಂಪರೆಯವರೇ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥವು 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆದಾಗ ಈ ರಂಗಪ್ರಕಾರಕ್ಕೆ ವಿದ್ವತ್ಸಭೆಯ ಮನ್ನಣೆಯೂ ದೊರಕಿತು. ಆದರೆ ಗ್ರಂಥವು ಕಲಿಸಲಾರದುದೂ ಉಂಟು: ಗುರುವಿನ ಕೆನ್ನೆಯ ಮೇಲೆ ಒಪ್ಪುವ ರೇಖೆಯು ಶಿಷ್ಯನ ಕಿರಿದಾದ ಕೆನ್ನೆಗೆ ಒಪ್ಪದು, ಎಲ್ಲಿ ಹಿಗ್ಗಿಸಬೇಕು, ಎಲ್ಲಿ ತಗ್ಗಿಸಬೇಕು ಎಂಬುದನ್ನು ಅವನು ತನ್ನ ಕನ್ನಡಿಯ ಮುಂದೆಯೇ ಕಂಡುಕೊಳ್ಳಬೇಕು.