ಗಿರಿಯಾತ್ರೆಯೂ ಶರಣರ ನಿಲುವೂ: ಕೇದಾರದ ದಾರಿಯಲ್ಲಿ ಒಂದು ಮರುವಿಚಾರ

ವೀರಶೈವ ಸಾಹಿತ್ಯದ ಅಭ್ಯಾಸಿಗಳಲ್ಲಿ ಒಂದು ಮಾತು ಸಿದ್ಧಾಂತದಂತೆ ರೂಢವಾಗಿದೆ. ಶರಣರು ತೀರ್ಥಯಾತ್ರೆಯನ್ನು ನಿರಾಕರಿಸಿದರು, ಅಂಗದ ಮೇಲೆ ಲಿಂಗವುಳ್ಳವನಿಗೆ ಕ್ಷೇತ್ರದ ಹಂಗಿಲ್ಲ ಎಂಬುದೇ ಆ ಮಾತು. ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯ ಮಕ್ಕಳಿಗೆ ನಾನು ಇದನ್ನೇ ಬೋಧಿಸಿದೆ. ಪರೀಕ್ಷೆಯಲ್ಲಿ ಹೀಗೆಯೇ ಬರೆದವರಿಗೆ ಪೂರ್ಣ ಅಂಕಗಳನ್ನೂ ಕೊಟ್ಟೆ. ನಿವೃತ್ತನಾದ ಮೇಲೆ, 2019ರ ಸೆಪ್ಟೆಂಬರಿನಲ್ಲಿ, ಕೇದಾರನಾಥಕ್ಕೆ ಹೊರಟು ನಿಂತಾಗ ಹಳೆಯ ವಿದ್ಯಾರ್ಥಿಯೊಬ್ಬ, ಈಗ ತಾನೂ ಅಧ್ಯಾಪಕನಾಗಿರುವವನು, "ಗುರುಗಳೇ, ತಾವು ನಮಗೆ ಕಲಿಸಿದ್ದು ಬೇರೆಯಾಗಿತ್ತಲ್ಲ?" ಎಂದು ಕೇಳಿದ. ಆಗ ನಕ್ಕು ಸುಮ್ಮನಾದೆ. ಆ ಪ್ರಶ್ನೆಗೆ ಸಲ್ಲಬೇಕಾದ ಉತ್ತರವನ್ನು ಗ್ರಂಥಗಳಲ್ಲಿ ಹುಡುಕುವ ಪ್ರಯತ್ನವೇ ಈ ಲೇಖನ.

ಖಂಡನೆಯ ವಚನಗಳಿರುವುದು ನಿಜ. ತೀರ್ಥಸ್ನಾನವನ್ನೂ ವೃಕ್ಷಪ್ರದಕ್ಷಿಣೆಯನ್ನೂ ಕುರಿತು ಬಸವಣ್ಣನವರು ಆಡಿರುವ ಕಟುನುಡಿಯನ್ನು ಯಾರೂ ಮೃದುಗೊಳಿಸಲಾರರು. ಇಂದು ಇದ್ದು ನಾಳೆ ಇಲ್ಲವಾಗುವುದನ್ನು ನೆಚ್ಚಿದವನಿಗೆ ನಿತ್ಯವಾದುದರ ಅರಿವು ಎಲ್ಲಿಂದ ಬಂದೀತು ಎಂಬುದು ಅದರ ತಾತ್ಪರ್ಯ. ಆದರೆ ಇಂಥ ವಚನಗಳನ್ನು ಓದುವಾಗ ನಮ್ಮ ಕಣ್ಣು ಕಡೆಯ ಪದದ ಮೇಲೆ ನಿಲ್ಲುವುದಿಲ್ಲವೆಂಬುದು ವಿಚಿತ್ರ. ಆ ಕಡೆಯ ಪದ ಅಂಕಿತ. ಕೂಡಲಸಂಗಮ ನದಿಗಳು ಕೂಡುವ ಒಂದು ಸ್ಥಳದ ಹೆಸರು. ಅಕ್ಕನ ಚೆನ್ನಮಲ್ಲಿಕಾರ್ಜುನ ಶ್ರೀಶೈಲದವನು. ಆದಯ್ಯನ ಅಂಕಿತವಂತೂ ಸೌರಾಷ್ಟ್ರದ ಸೋಮೇಶ್ವರನೇ. ಕ್ಷೇತ್ರವನ್ನು ಸಂಪೂರ್ಣವಾಗಿ ತಳ್ಳಿದವರು ತಮ್ಮ ಪ್ರತಿಯೊಂದು ಮಾತಿಗೂ ಕ್ಷೇತ್ರದ ಹೆಸರಿನ ಮುದ್ರೆಯನ್ನೊತ್ತುತ್ತಿದ್ದರೆ? ಇದನ್ನು ಕೇವಲ ರೂಢಿಯೆಂದು ಬದಿಗಿರಿಸುವುದು ನನಗೆ ಸಮ್ಮತವಲ್ಲ.

ಈ ವಿಷಯದಲ್ಲಿ ರಾಘವಾಂಕನ 'ಸಿದ್ಧರಾಮ ಚಾರಿತ್ರ'ದಷ್ಟು ಆಳಕ್ಕೆ ಇಳಿದ ಕೃತಿ ಮತ್ತೊಂದಿಲ್ಲವೆಂದು ನನ್ನ ಎಣಿಕೆ. ಹೊಲದಲ್ಲಿದ್ದ ಮುಗ್ಧ ಬಾಲಕನ ಮುಂದೆ ಮಲ್ಲಯ್ಯ ಜಂಗಮರೂಪದಿಂದ ಬಂದು ಉಣಿಸನ್ನು ಬೇಡುತ್ತಾನೆ. ಹುಡುಗ ಮನೆಗೆ ಓಡಿ ಅನ್ನ ಮೊಸರುಗಳನ್ನು ತರುವಷ್ಟರಲ್ಲಿ ಅತಿಥಿಯಿಲ್ಲ. ಅತ್ತು ಕರೆದು, ಶ್ರೀಶೈಲದ ಯಾತ್ರಿಕರ ಬೆನ್ನು ಹತ್ತಿ ಗಿರಿಯನ್ನೇರುತ್ತಾನೆ. ಅಲ್ಲಿ ಯಾತ್ರಿಕರು ಲಿಂಗವನ್ನು ತೋರಿ ಇವನೇ ಮಲ್ಲಯ್ಯನೆಂದರೆ ಹುಡುಗ ಒಪ್ಪುವುದಿಲ್ಲ. ತನ್ನೊಡನೆ ಮಾತನಾಡಿದವನು, ಹಸಿದವನು ಅವನಿಗೆ ಬೇಕು. ಕಾಡಿನಲ್ಲಿ ಕೂಗಿ ಕೂಗಿ ಕಾಣದೆ ಕಮರಿಗೆ ಹಾರಲು ಹೋದಾಗ ದೇವನು ಕೈಹಿಡಿಯುತ್ತಾನೆ.

ಈ ಸನ್ನಿವೇಶವನ್ನು ನಮ್ಮ ವ್ಯಾಖ್ಯಾನಕಾರರು ಮುಗ್ಧಭಕ್ತಿಯ ನಿದರ್ಶನವೆಂದು ಹೊಗಳಿ ಮುಂದಕ್ಕೆ ಸಾಗುತ್ತಾರೆ. ನನಗೆ ಇದು ಯಾತ್ರೆಯ ವಿಮರ್ಶೆಯೇ ಆಗಿ ತೋರುತ್ತದೆ. ಕವಿ ಬಾಲಕನನ್ನು ಬೆಟ್ಟಕ್ಕೆ ಕಳುಹಿಸುತ್ತಾನೆ, ಬೆಟ್ಟದ ಮೇಲಿನ ಸಿದ್ಧ ಉತ್ತರವನ್ನು ಮಾತ್ರ ಅವನಿಂದ ನಿರಾಕರಿಸುತ್ತಾನೆ. ಹೋಗದಿದ್ದರೆ ದರ್ಶನವಿಲ್ಲ, ತೋರಿಸಿದ್ದನ್ನೇ ಒಪ್ಪಿದ್ದರೂ ದರ್ಶನವಿಲ್ಲ. ಕೈಹಿಡಿದ ದೇವನು ಹುಡುಗನನ್ನು ಬೆಟ್ಟದಲ್ಲಿಯೇ ಇರಿಸಿಕೊಳ್ಳದೆ ಸೊನ್ನಲಿಗೆಗೆ ಹಿಂದಿರುಗಿಸುವುದೂ ಗಮನಾರ್ಹ. ಮುಂದಿನ ಗುಡಿ, ಕೆರೆಗಳ ಕಾರ್ಯವೆಲ್ಲ ಆ ಮರಳುವಿಕೆಯ ಫಲ. 'ಶೂನ್ಯಸಂಪಾದನೆ'ಯಲ್ಲಿ ಅದೇ ಕಾರ್ಯವನ್ನು ಹಿಡಿದು ಅಲ್ಲಮಪ್ರಭುಗಳು ಸಿದ್ಧರಾಮನನ್ನು ಕೆಣಕುವುದೂ, ಆತನಿಗೆ ಕಲ್ಯಾಣದಲ್ಲಿ ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯಾಗುವುದೂ ವಾಚಕರಿಗೆ ವಿದಿತವೇ ಇದೆ. ಅಕ್ಕನ ಮಾತು ಬೇರೆ; ಆಕೆ ಶ್ರೀಶೈಲದ ಕದಳಿಗೆ ಹೋದದ್ದು ಮರಳುವುದಕ್ಕಲ್ಲ, ಆದುದರಿಂದ ಅದನ್ನು ಯಾತ್ರೆಯೆಂದು ಕರೆಯುವುದೇ ತಪ್ಪಾದೀತು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಗೌರೀಕುಂಡದಿಂದ ಹದಿನಾರು ಕಿಲೋಮೀಟರು ಏರಿದೆ. ಕೇದಾರವು ಸಮುದ್ರಮಟ್ಟದಿಂದ 3,583 ಮೀಟರು ಎತ್ತರದಲ್ಲಿದೆ. ಅರವತ್ತು ದಾಟಿದವನಿಗೆ ಪ್ರತಿ ನೂರು ಹೆಜ್ಜೆಗೂ ನಿಲ್ಲದೆ ಗತ್ಯಂತರವಿಲ್ಲ. ಹೇಸರಗತ್ತೆಗಳ ಸಾಲಿಗೆ ದಾರಿ ಬಿಟ್ಟು ಬಂಡೆಗೊರಗಿ ನಿಂತಾಗ ಸಿದ್ಧಾಂತವೆಲ್ಲ ಮರೆತು ಉಸಿರೊಂದೇ ನೆನಪಿನಲ್ಲಿ ಉಳಿಯುತ್ತದೆ.

ಅಲ್ಲಿಯ ರಾವಲರು ಕರ್ನಾಟಕದ ವೀರಶೈವ ಜಂಗಮರು. ಪಂಚಪೀಠಗಳಲ್ಲಿ ವೈರಾಗ್ಯಪೀಠವೆನಿಸಿದ ಕೇದಾರದ ಗದ್ದುಗೆ ಊಖೀಮಠದಲ್ಲಿದೆ. ರಾವಲರು ಸ್ವತಃ ಗುಡಿಯಲ್ಲಿ ಪೂಜಿಸುವುದಿಲ್ಲ. ಅವರ ಅಪ್ಪಣೆಯಂತೆ ಅರ್ಚಕರು ಪೂಜಿಸುತ್ತಾರೆ. ಆ ಹಿಮದ ನಡುವೆ ಕನ್ನಡದ ಮಾತು ಕಿವಿಗೆ ಬಿದ್ದಾಗ ಆದ ಹರ್ಷವನ್ನು ಮುಚ್ಚಿಡಲಾರೆ. ಆದರೆ ನಮ್ಮವರ ಕೇದಾರಯಾತ್ರೆಯ ಬರಹಗಳು ಬಹುಮಟ್ಟಿಗೆ ಈ ಹರ್ಷದಲ್ಲಿಯೇ ಮುಗಿದುಹೋಗುತ್ತವೆ. ಇಷ್ಟಲಿಂಗಧಾರಿಯೊಬ್ಬನು ಸ್ಥಾವರಲಿಂಗದ ಸನ್ನಿಧಿಯಲ್ಲಿ ನಿಂತಾಗ ಏಳಬೇಕಾದ ಪ್ರಶ್ನೆಯನ್ನು ಅವು ಎತ್ತುವುದಿಲ್ಲ. ಚಳಿ, ಊಟ, ಬಾಡಿಗೆಗಳ ಲೆಕ್ಕ ಮಾತ್ರ ಸವಿಸ್ತಾರವಾಗಿ ಇರುತ್ತದೆ.

ಗರ್ಭಗುಡಿಯ ಲಿಂಗ ನುಣುಪಾದುದಲ್ಲ, ತ್ರಿಕೋನಾಕಾರದ ಒರಟು ಬಂಡೆ. ಪಾಂಡವರಿಂದ ತಪ್ಪಿಸಿಕೊಂಡ ವೃಷಭರೂಪಿ ಶಿವನ ಡುಬ್ಬವೆಂದು ಸ್ಥಳಪುರಾಣ ಹೇಳುತ್ತದೆ. ಯಾತ್ರಿಕರು ತಾವೇ ಮುಟ್ಟಿ ತುಪ್ಪ ಹಚ್ಚುವ ರೂಢಿ ಅಲ್ಲಿದೆ. ನಾನೂ ಹಚ್ಚಿದೆ. ಎಡಗೈ ಮಾತ್ರ ತನ್ನಷ್ಟಕ್ಕೆ ತಾನೇ ಎದೆಯ ಮೇಲಣ ಕರಡಿಗೆಯನ್ನು ಹಿಡಿದುಕೊಂಡಿತ್ತು. ಅದು ಭಕ್ತಿಯೋ, ಅಪರಾಧಪ್ರಜ್ಞೆಯೋ ಹೇಳಲಾರೆ.

2013ರ ಜೂನ್ 16 ಮತ್ತು 17ರ ದುರಂತದ ಗುರುತುಗಳು ಸುತ್ತಲೂ ಇದ್ದವು. ಮೇಲಿನ ಚೋರಾಬಾರಿ ಸರೋವರ ಒಡೆದು ನುಗ್ಗಿದಾಗ ರಾಮಬಾಡ ಎಂಬ ತಂಗುದಾಣ ಹೇಳಹೆಸರಿಲ್ಲದಂತಾಯಿತು. ಗುಡಿಯ ಹಿಂದೆ ಬಂದು ನಿಂತ ಹೆಬ್ಬಂಡೆಯೊಂದು ಪ್ರವಾಹವನ್ನು ಇಬ್ಭಾಗಿಸಿತು, ಗುಡಿ ಉಳಿಯಿತು. ಆ ಬಂಡೆಯನ್ನು ಈಗ ಭೀಮಶಿಲೆಯೆಂದು ಪೂಜಿಸುತ್ತಾರೆ. ನಮ್ಮ ತಂಡದ ಹಿರಿಯರೊಬ್ಬರು, ಸ್ಥಾವರಕ್ಕೆ ನಾಶವಿದೆಯೆಂಬ ಬಸವಣ್ಣನವರ ಮಾತಿಗೆ ಇದಲ್ಲವೇ ಪ್ರತ್ಯುತ್ತರ ಎಂದರು. ಅದಕ್ಕೆ ಮತ್ತೊಬ್ಬರು, ಕೊಚ್ಚಿಹೋದ ಊರನ್ನು ನೋಡಿ, ಇದಲ್ಲವೇ ಸಾಕ್ಷಿ ಎಂದರು. ಎರಡೂ ವಾದಗಳು ನನಗೆ ಸಹ್ಯವೆನಿಸಲಿಲ್ಲ. ಸಾವಿರಾರು ಜನ ಮಡಿದ ನೆಲದಲ್ಲಿ ನಿಂತು ವಚನವೊಂದರ ಸತ್ಯಾಸತ್ಯವನ್ನು ಕಲ್ಲಿನ ಗಟ್ಟಿತನದಿಂದ ಅಳೆಯುವುದು ವಚನಕ್ಕೂ ಅಪಚಾರ, ಮಡಿದವರಿಗೂ ಅಪಚಾರ. ಆ ವಚನದಲ್ಲಿ ದೇಗುಲ ಕಟ್ಟಿಸಲಾರದ ಬಡವನೊಬ್ಬ ತನ್ನ ದೇಹವನ್ನೇ ದೇಗುಲವೆಂದು ಅರ್ಪಿಸುತ್ತಾನೆ. ಅಲ್ಲಿಯ ಜಂಗಮ ಉಸಿರಾಡುವ ಜೀವ. ಆ ರಾತ್ರಿ ಕೊಚ್ಚಿಹೋದದ್ದು ಅಂಥ ದೇಗುಲಗಳೇ ಅಲ್ಲವೇ? ವಿಮರ್ಶಕನು ಈ ಪ್ರಶ್ನೆಯ ಮುಂದೆ ಒಂದು ಗಳಿಗೆ ಮೌನವಾಗಿರಬೇಕು.

ಚಳಿಗಾಲದಲ್ಲಿ ಗುಡಿ ಮುಚ್ಚಿದಾಗ ಕೇದಾರನ ಪಂಚಮುಖಿ ಉತ್ಸವಮೂರ್ತಿ ಡೋಲಿಯಲ್ಲಿ ಕಾಲ್ನಡಿಗೆಯವರ ಹೆಗಲೇರಿ ಊಖೀಮಠದ ಓಂಕಾರೇಶ್ವರ ಗುಡಿಗೆ ಇಳಿಯುತ್ತದೆ, ವಸಂತ ಕಳೆಯುತ್ತಿದ್ದಂತೆ ಮತ್ತೆ ಏರುತ್ತದೆ. ಸ್ಥಾವರವೇ ಇಲ್ಲಿ ಜಂಗಮವಾಯಿತೆಂದು ಬರೆಯುವ ಆಸೆ ನನಗೂ ಆಯಿತು. ಆದರೆ ಅದು ವಚನದ ಅರ್ಥವಲ್ಲ, ಪದದೊಡನೆ ಆಡುವ ಆಟ, ಬಿಟ್ಟುಬಿಟ್ಟೆ.

ನಮ್ಮೊಡನೆ ಬಂದಿದ್ದ ಅಜ್ಜಿಯೊಬ್ಬರಿಗೆ ಓದು ಬರಹ ಬಾರದು. ಕೇದಾರದ ಬೆಳಗಿನ ಜಾವ, ಲೋಟದ ನೀರು ಬೆರಳನ್ನು ಕೊರೆಯುತ್ತಿದ್ದಾಗ, ಕಂಬಳಿಯೊಳಗೇ ಕುಳಿತು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುತ್ತಿದ್ದರು. ಗುಡಿಯ ಬಾಗಿಲು ತೆರೆಯಿತೆಂದು ಯಾರೋ ಅವಸರಪಡಿಸಿದರು. "ಇರ್ರಿ, ಇವನದು ಮುಗೀಲಿ, ಆಮ್ಯಾಲೆ ಅವನ ಕಡೆ ಹೋಗೂಣು" ಎಂದರು ಆಕೆ.

ಊರಿಗೆ ಮರಳಿದ ಮೇಲೆ ಆ ಮಾತನ್ನು ಹಳೆಯ ವಿದ್ಯಾರ್ಥಿಗೆ ಪತ್ರದಲ್ಲಿ ಬರೆದು, ಶ್ರೀಶೈಲದ ಕಮರಿಯ ಪದ್ಯಗಳನ್ನು ಇನ್ನೊಮ್ಮೆ ಓದೆಂದು ತಿಳಿಸಿದೆ. 'ಇವನು', 'ಅವನು' ಎಂದು ಆಕೆ ಎರಡಾಗಿ ಎಣಿಸಿದ್ದು ಸರಿಯೇ ಎಂದು ಅವನು ಮರುಪತ್ರದಲ್ಲಿ ಕೇಳಿದ್ದಾನೆ.